ಸೋಸುಬಟ್ಟೆಯಲ್ಲಿ ಉಳಿದದ್ದು

ಬಾವಿಯಿಂದ ನೀರು ಮೇಲೆ ಬರುವುದನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು. ಮೇಲಿನಿಂದ ನೀರನ್ನು ಬಾವಿಗೆ ಇಳಿಸುವುದನ್ನು ನೋಡಿದ್ದು ಮೂಡಬಿದಿರೆಯ ಸೀಮೆಗೆ ಬಂದ ಮೊದಲನೆಯ ದಿನ. ಶಾಲೆಯ ಮ್ಯಾನೇಜರರ ಮನೆಯ ಜಗಲಿಯಲ್ಲಿ ಕೆಲಸ ಕೇಳಲು ಕೂತಿದ್ದೆ. ಅಂಗಳದ ಆಚೆ ಬಾವಿಕಟ್ಟೆಯ ಬಳಿ ಅವರ ತಾಯಿ, ಬಿಳಿ ಸೀರೆಯ ಮುದುಕಿ, ಒಂದು ಕೊಡ ನೀರನ್ನು ಎರಡು ಮಡಿಕೆಯ ದಪ್ಪ ಬಟ್ಟೆಯಲ್ಲಿ ಸೋಸಿದರು. ಅಲ್ಲಿಯವರೆಗೆ ವಿಶೇಷವೇನಿಲ್ಲ. ಆಮೇಲೆ ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಅದರ ಮೇಲೆ ಸುರಿದು, ಅಂಟಿಕೊಂಡದ್ದನ್ನೆಲ್ಲ ಒಂದು ತಾಮ್ರದ ಚೆಂಬಿಗೆ ಇಳಿಸಿಕೊಂಡರು. ಆ ಚೆಂಬಿಗೆ ಎರಡು ಹಗ್ಗ, ಕೊರಳಿಗೊಂದು, ತಳದ ಬಳೆಗೊಂದು. ಅದನ್ನು ಮೆಲ್ಲಗೆ ನೀರಿನ ಮಟ್ಟದವರೆಗೆ ಇಳಿಸಿ, ತಳದ ಹಗ್ಗವನ್ನು ಎಳೆದರು. ಚೆಂಬು ಸದ್ದಿಲ್ಲದೆ ಬರಿದಾಗಿ ಮೇಲೆ ಬಂತು. ಅಷ್ಟು ಹುಷಾರಾಗಿ ನಮ್ಮ ಕಡೆ ಕೂಸನ್ನೂ ತೊಟ್ಟಿಲಿಗೆ ಹಾಕುವುದಿಲ್ಲ.

ನಾನು ರೋಣದ ಕಡೆಯವಳು. ಎರೆಯ ನಾಡು, ಬಾವಿ ತೋಡಿದರೆ ಸವಳು ನೀರು. ಕುಡಿಯುವುದಕ್ಕೆ ಮೈಲಿ ದೂರದ ಕೆರೆಯಿಂದ ಹೊತ್ತು ತರಬೇಕು. ಹೊತ್ತು ತಂದ ನೀರನ್ನು ಯಾರಾದರೂ ತಿರುಗಿ ಕೆರೆಗೆ ಬಿಟ್ಟು ಬಂದರೆ ಅವಳಿಗೆ ಗಾಳಿ ಸೋಕಿದೆ ಎಂದು ನಮ್ಮವ್ವ ಬೇವಿನ ಸೊಪ್ಪು ಹುಡುಕಿಕೊಂಡು ಹೋಗುತ್ತಿದ್ದಳು. ಅದಕ್ಕೇ ಆ ಹೊತ್ತು ನಗು ತಡೆದುಕೊಳ್ಳಲು ಸೆರಗನ್ನು ಬಾಯಿಗೆ ಹಿಡಿದುಕೊಂಡೆ.

ಮ್ಯಾನೇಜರರು ನನ್ನ ಟ್ರೇನಿಂಗಿನ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಧಾರವಾಡದಲ್ಲಿ ಕಲಿತವರಾ? ಒಳ್ಳೆಯದಾಯಿತು. ಟ್ರೇನಿಂಗ್ ಆದವರು ನಮಗೆ ಸಿಗುವುದೇ ಕಷ್ಟ. ಸೋಮವಾರದಿಂದ ಬನ್ನಿ ಟೀಚರ್. ನಿಮಗೆ ಒಂದು ಮನೆ ನೋಡುವ," ಎಂದರು. ನಾನು, "ಹೂಂ ರೀ, ಬರ್ತೀನ್ರೀ," ಎಂದೆ. ಬಾಗಿಲ ಹಿಂದಿನಿಂದ ಕಿಸಕ್ಕೆಂದು ನಗು ಬಂತು. ಅವರ ಮಗಳು ಅನಂತಮತಿ, ಹತ್ತು ವರ್ಷದವಳು, ನನ್ನ ಮಾತಿಗೆ ನಕ್ಕಿದ್ದಳು. ಅವಳ ಅಜ್ಜಿಯನ್ನು ನೋಡಿ ನಾನು ನಗು ತಡೆದಿದ್ದೆ, ನನ್ನನ್ನು ನೋಡಿ ಅವಳು ತಡೆಯಲಿಲ್ಲ. ಲೆಕ್ಕ ಸರಿಹೋಯಿತು.

ರಾಜ್ಯ ಒಂದಾದ ಮಾರನೆಯ ವರ್ಷ ನಮ್ಮ ಮನೆಯವರಿಗೆ ಬೆಳ್ತಂಗಡಿಯ ಕಡೆಯ ರಸ್ತೆ ಕೆಲಸಕ್ಕೆ ಓವರ್‌ಸಿಯರ್ ಆಗಿ ಹುಕುಂ ಬಂದದ್ದರಿಂದ ನಾವು ಇಲ್ಲಿಗೆ ಬಂದದ್ದು. ಅವರು ವಾರವಿಡೀ ರಸ್ತೆಯ ಮೇಲೆ, ನಾನು ಮಿಜಾರಿಗೆ ಹೋಗುವ ದಾರಿಯ ಒಂದು ಹೆಂಚಿನ ಮನೆಯಲ್ಲಿ ಒಬ್ಬಳೇ. ಊರಿನವರು ಕಾಗದದಲ್ಲಿ ಕೇಳುತ್ತಾರೆ, ಅಲ್ಲಿ ಹ್ಯಾಂಗೈತಿ ಎಂದು. ನಮ್ಮೂರಿನಲ್ಲಿ ಮಣ್ಣಿನ ಮೇಲ್ಮುದ್ದೆಯ ಮಾಳಿಗೆಗಳು ಒಂದಕ್ಕೊಂದು ಆತುಕೊಂಡಿರುತ್ತವೆ, ಒಂದು ಮನೆಯಲ್ಲಿ ಸೀನಿದರೆ ಮೂರನೆಯ ಮನೆಯಲ್ಲಿ ಚಿರಂಜೀವಿ ಎನ್ನುತ್ತಾರೆ. ಇಲ್ಲಿ ಮನೆಗೂ ಮನೆಗೂ ನಡುವೆ ಒಂದು ಗುಡ್ಡ, ಒಂದು ಗದ್ದೆ. ಕೂಗಿದರೆ ಓಗೊಡುವುದು ನಾಯಿ. ಆದರೆ ಪ್ರತಿ ಮನೆಗೂ ಒಂದು ಬಾವಿ! ಕೆಂಪು ಮುರಕಲ್ಲಿನ ಕಟ್ಟೆ, ಒಳಗೆ ಜರಿಗಿಡ, ಕೆಳಗೆ ತಣ್ಣನೆಯ ಸಿಹಿ ನೀರು. ಮೊದಲ ತಿಂಗಳು ನಾನು ಅಭ್ಯಾಸಬಲದಿಂದ ಎರಡೇ ಚೆಂಬಿನಲ್ಲಿ ಮೈ ತೊಳೆಯುತ್ತಿದ್ದೆ. ಮನೆಯೊಡತಿ ಮೂರು ದಿನ ಸುಮ್ಮನಿದ್ದು ನಾಲ್ಕನೆಯ ದಿನ, "ಟೀಚರ್, ಮೈಯಲ್ಲಿ ಹುಷಾರಿಲ್ಲವಾ?" ಎಂದು ಕೇಳಿದರು.

ಮಾತಿನ ಕಷ್ಟ ಬೇರೆ ಬಗೆಯದು. ನನ್ನದೂ ಕನ್ನಡ, ಶಾಲೆಯದೂ ಕನ್ನಡ. ಆದರೆ ಮಕ್ಕಳು ಮನೆಯಲ್ಲಿ ಆಡುವುದು ತುಳು, ನಮ್ಮ ಕ್ಲಾಸಿನ ಆಮಿನಾಳ ಮನೆಯಲ್ಲಿ ಬ್ಯಾರಿ ಭಾಷೆ. ಕನ್ನಡವನ್ನು ಅವರು ಪುಸ್ತಕದಿಂದ ಕಲಿತವರು, ಆದ್ದರಿಂದ ಪುಸ್ತಕದಂತೆಯೇ ಮಾತಾಡುತ್ತಾರೆ, ನಿಧಾನ, ಒಂದಕ್ಷರವನ್ನೂ ನುಂಗದೆ. ನನ್ನ ಮಾತು ಅವರಿಗೆ ಬೈದಂತೆ ಕೇಳಿಸುತ್ತಿತ್ತಂತೆ. ನಾನು, "ಬಾರವ್ವಾ ಇಲ್ಲಿ," ಎಂದು ಪ್ರೀತಿಯಿಂದ ಕರೆದರೆ ಒಂದನೆಯ ಕ್ಲಾಸಿನ ಮಗು ಅತ್ತೇಬಿಟ್ಟಿತು.

ಇನ್ನು ಊಟ. ಕುಚ್ಚಲಕ್ಕಿ ಗಂಜಿಗೆ ಹೊಟ್ಟೆ ಒಗ್ಗಿತು, ಮನಸ್ಸು ಒಗ್ಗಲಿಲ್ಲ. ಜೋಳದ ರೊಟ್ಟಿ ಇಲ್ಲದೆ ಆರು ತಿಂಗಳು ಕಳೆದ ಮೇಲೆ ಒಂದು ದಿನ ಕ್ಲಾಸಿನಲ್ಲೇ ಆ ದುಃಖ ಹೇಳಿಕೊಂಡೆ. ಆಮಿನಾಳ ಬಾಪನಿಗೆ ಫರಂಗಿಪೇಟೆಯಲ್ಲಿ ಒಣಮೀನಿನ ವ್ಯಾಪಾರ, ಘಟ್ಟದ ಮೇಲಿನ ಲಾರಿಯವರ ಪರಿಚಯ. ಮುಂದಿನ ವಾರ ಅವಳು ಒಂದು ಚೀಲ ಜೋಳವನ್ನು ಎದೆಗೆ ಅವಚಿಕೊಂಡು ಬಂದಳು. "ಬಾಪ ಕೊಟ್ಟದ್ದು. ಟೀಚರ್, ನೀವು ಕೋಳಿ ಸಾಕ್ತೀರಾ?" ಎಂದು ಕೇಳಿದಳು. ಇಲ್ಲಿಯವರಿಗೆ ಜೋಳ ಎಂದರೆ ಕೋಳಿಗೆ ಹಾಕುವ ಕಾಳು. ಆ ಭಾನುವಾರ ನಾನು ರೊಟ್ಟಿ ತಟ್ಟುವ ಸದ್ದಿಗೆ ಮನೆಯೊಡತಿ ಏನೋ ಬಿತ್ತೆಂದು ಓಡಿ ಬಂದರು. ಆಮಿನಾ ಬೆಲ್ಲ ಹಚ್ಚಿಕೊಂಡು ಒಂದೂವರೆ ರೊಟ್ಟಿ ತಿಂದಳು, ನನಗೆ ಊರು ಗೆದ್ದಷ್ಟು ಖುಷಿ.

ಶಾಲೆಯಲ್ಲಿ ನಾಲ್ಕು ಮತ್ತು ಐದನೆಯ ಕ್ಲಾಸು ಒಂದೇ ಕೋಣೆಯಲ್ಲಿ, ಮೂವತ್ತು ಮಕ್ಕಳು. ಧಾರವಾಡದಲ್ಲಿ ನಮಗೆ ಪಾಠ ಮಾಡಿದ ಬಾಯಿಯವರು (ಹೆಣ್ಣು ಟೀಚರಿಗೆ ಅಲ್ಲಿ ಹಾಗೆನ್ನುತ್ತಾರೆ) ಮೊದಲ ದಿನವೇ ಒಂದು ಎರೆಮಣ್ಣಿನ ಹೆಂಟೆಯನ್ನು ಕೈಗೆ ಕೊಟ್ಟು, ಒಡೆದು, ಮೂಸಿ, ನೀರು ಹನಿಸಿ ನೋಡಿ ಆಮೇಲೆ ಅದರ ಹೆಸರು ಬರೆಯಿರಿ ಎಂದಿದ್ದರು. ನಾನೂ ಹಾಗೆಯೇ ಕಲಿಸುತ್ತೇನೆಂದು ಹೊರಟವಳು. ಇಲ್ಲಿ ಬಂದು ನಾಲ್ಕು ತಿಂಗಳು ಸೀಮೆಸುಣ್ಣ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಮಕ್ಕಳು ಅಷ್ಟು ಚೆನ್ನಾಗಿ ಬಾಯಿಪಾಠ ಒಪ್ಪಿಸುತ್ತಿದ್ದರು. "ನೀರನ್ನು ಏಕೆ ಸೋಸಬೇಕು?" ಎಂದರೆ ಮೂವತ್ತು ಕೊರಳು ಒಟ್ಟಿಗೆ, "ನೀರಿನಲ್ಲಿರುವ ಕಲ್ಮಶಗಳನ್ನು ಹೋಗಲಾಡಿಸುವ ಸಲುವಾಗಿ ನೀರನ್ನು ಸೋಸಬೇಕು." ಕಲ್ಮಶ ಎಂದರೇನು ಎಂದು ಕೇಳಿದೆ. ಲೋಕಯ್ಯ ಎಂಬ ಹುಡುಗ ಎದ್ದು ನಿಂತು, "ಅದು ಪಾಠದಲ್ಲಿ ಇಲ್ಲ ಟೀಚರ್," ಎಂದ.

ನಾನು ನಗುತ್ತ ನೆಲದ ಮೇಲೆ ಅವರ ನಡುವೆ ಕೂತುಬಿಟ್ಟೆ. ಸೀರೆ ಸ್ವಲ್ಪ ಸರಿಯಿತು. ಅನಂತಮತಿಯ ಕಣ್ಣು ನನ್ನ ಹಿಮ್ಮಡಿಯ ಮೇಲಿನ ಗಾಯದ ಗುರುತಿನ ಮೇಲೆ ಬಿತ್ತು.

"ಟೀಚರ್, ಇದು ಎಂತದ್ದು?"

ಆ ಕ್ಲಾಸಿನಲ್ಲಿ ನನಗೆ ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು. ನಾರುಹುಣ್ಣಿನ ಕಥೆಯನ್ನೆಲ್ಲ ಹೇಳಿದೆ. ನಾನು ಒಂಬತ್ತು ವರ್ಷದವಳಿದ್ದಾಗ ಕಾಲಿನಲ್ಲಿ ಗುಳ್ಳೆ ಎದ್ದು ಒಡೆದದ್ದು, ಒಳಗಿನಿಂದ ದಾರದಂಥ ಬಿಳಿ ಹುಳು ತಲೆ ಹಾಕಿದ್ದು, ಅದನ್ನು ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಎರಡು ಬೆರಳಿನಷ್ಟು ಎಳೆಯುತ್ತ ತಿಂಗಳು ಮಲಗಿದ್ದು, ನಡುವೆ ಹರಿದರೆ ಕಾಲೇ ಬಾತುಕೊಳ್ಳುತ್ತದೆಂದು ಅವ್ವ ಉಸಿರು ಬಿಗಿಹಿಡಿದು ಸುತ್ತುತ್ತಿದ್ದದ್ದು. ನಮ್ಮ ಕಡೆ ಇದು ಮನೆಮನೆಯ ಕಥೆ, ಯಾರೂ ಕಿವಿಗೊಡುವುದಿಲ್ಲ. ಇಲ್ಲಿ ಮೂವತ್ತು ಮಕ್ಕಳು ಬಾಯಿ ತೆರೆದು ಕೂತಿದ್ದರು. ಕೆರೆಯ ನೀರಿನಲ್ಲಿ ಸಾಸಿವೆಗಿಂತ ಸಣ್ಣ ಜೀವಿಯೊಂದು ಇರುತ್ತದೆ, ನಾರಿನ ಮರಿ ಅದರ ಹೊಟ್ಟೆಯಲ್ಲಿ ಕೂತು ನಮ್ಮ ಹೊಟ್ಟೆಗೆ ಬರುತ್ತದೆ, ಬಟ್ಟೆಯಲ್ಲಿ ಸೋಸಿದರೆ ಬರುವುದಿಲ್ಲ ಎಂದೆ.

ಅನಂತಮತಿ ಮತ್ತೆ ಕೇಳಿದಳು. "ನಮ್ಮ ಬಾವಿಯಲ್ಲಿಯೂ ಉಂಟಾ?"

ಈ ಕಡೆ ನಾರು ಇಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ಆ ಸಣ್ಣ ಜೀವಿ ಇದೆಯೋ ಇಲ್ಲವೋ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಕ್ಲಾಸಿನಲ್ಲಿ ಹೇಳುವುದು ಎಷ್ಟು ಹಗುರ ಎನ್ನಿಸಿತು. ಅವರದೇ ಮಾತಿನಲ್ಲಿ, "ನೋಡುವ," ಎಂದೆ.

ಮರುದಿನ ಐದು ಮನೆಗಳಿಂದ ಐದು ಬಾಟಲಿ ಬಂದವು, ಒಂದೊಂದರಲ್ಲಿ ಆಯಾ ಬಾವಿಯ ನೀರು ಸೋಸಿ ಬಟ್ಟೆಯಲ್ಲಿ ಉಳಿದದ್ದು. ನಮ್ಮ ಮನೆಯವರು ನಕ್ಷೆ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ಹೇಳದೆ ಕೇಳದೆ ತಂದಿದ್ದೆ. ಬಿಳಿಯ ಪಿಂಗಾಣಿ ತಟ್ಟೆಗೆ ಸ್ವಲ್ಪ ಸುರಿದು ಬಿಸಿಲಿನಲ್ಲಿ ಇಟ್ಟೆವು. ಮೊದಲು ಬಗ್ಗಿದವಳು ಆಮಿನಾ. "ಅಲ್ಲಾ! ಕುಣೀತದೆ!" ಎಂದು ಹಿಂದಕ್ಕೆ ಹಾರಿದಳು. ಆಮೇಲೆ ನೂಕುನುಗ್ಗಲು. ಕ್ಲಾಸಿನಲ್ಲಿ ಕನ್ನಡ ಬಿಟ್ಟು ಬೇರೆ ಆಡಬಾರದೆಂಬ ಕಟ್ಟಳೆ ಇತ್ತು, ಅದನ್ನು ಎಲ್ಲರೂ ಮರೆತರು, ನಾನೂ ಮರೆತೆ. "ಪುರಿ, ಪುರಿ! ತೂಲೆ!" ಪುರಿ ಎಂದರೆ ತುಳುವಿನಲ್ಲಿ ಹುಳು, ತೂಲೆ ಎಂದರೆ ನೋಡಿ. ನಾನು ಕಲಿತ ಮೊದಲ ತುಳು ಪಾಠ ಅದು, ಕಲಿಸಿದವರು ಮೂವತ್ತು ಜನ. ಬಿಳಿ ಚುಕ್ಕೆಗಳು ಜಿಗಿಜಿಗಿದು ಈಜುತ್ತಿದ್ದವು, ಕೆಲವಕ್ಕೆ ಬಾಲದ ಎರಡು ಬದಿಗೆ ಎರಡು ಪುಟ್ಟ ಚೀಲ. ಅವು ಮೊಟ್ಟೆಯ ಚೀಲ ಎಂದು ಹೇಳಿದೆ. ಲೋಕಯ್ಯ ತನ್ನ ಬಾವಿಯಲ್ಲೇ ಎಲ್ಲರಿಗಿಂತ ಹೆಚ್ಚು ಎಂದು ಎದೆ ಸೆಟೆದುಕೊಂಡು ತಿರುಗಿದ.

ಆಮಿನಾಳ ಬಾಟಲಿಯಲ್ಲಿ ಮಾತ್ರ ಏನೂ ಇರಲಿಲ್ಲ. ಅವಳ ಮುಖ ಸಪ್ಪಗಾಯಿತು. ಸ್ವಲ್ಪ ಯೋಚಿಸಿ, "ನಮ್ಮ ಬಾವಿಯಲ್ಲಿ ಮೀನು ಉಂಟು. ಉಮ್ಮ ಬಿಟ್ಟದ್ದು. ಅದು ತಿಂದಿರಬೇಕು," ಎಂದಳು. ಅದೆಲ್ಲ ಸುಳ್ಳೆಂದ ಲೋಕಯ್ಯ. ಸುಳ್ಳೋ ನಿಜವೋ ಪರೀಕ್ಷೆ ಮಾಡಿಯೇ ತಿಳಿಯಬೇಕು ಎಂದೆ ನಾನು. ಎಂಥ ಹುರುಪಿನಲ್ಲಿದ್ದೆನೆಂದರೆ, ಮಧ್ಯಾಹ್ನವೇ ಆಮಿನಾಳಿಂದ ಎರಡು ಕಿರುಮೀನು ತರಿಸಿ, ಎಲ್ಲ ಬಾಟಲಿಗಳನ್ನೂ ಒಂದು ಬೋಗುಣಿಗೆ ಸುರಿದು, ಮೀನನ್ನು ಬಿಟ್ಟೆ. ಮೀನು ಮೊದಲ ಚುಕ್ಕೆಯನ್ನು ಗುಳುಂ ಮಾಡಿದಾಗ ಮಕ್ಕಳು ಕೇಕೆ ಹಾಕಿ ನಕ್ಕರು. ಗಂಟೆ ಹೊಡೆಯುವ ಹೊತ್ತಿಗೆ ಬೋಗುಣಿಯಲ್ಲಿ ಒಂದು ಚುಕ್ಕೆಯೂ ಉಳಿದಿರಲಿಲ್ಲ. ಆಮಿನಾಳನ್ನು ಎತ್ತಿ ಬೆಂಚಿನ ಮೇಲೆ ನಿಲ್ಲಿಸಿದೆ.

ಎಲ್ಲರೂ ಹೋದ ಮೇಲೆ ಅನಂತಮತಿ ಖಾಲಿ ಬಾಟಲಿಯನ್ನು ಹಿಡಿದುಕೊಂಡು ನಿಂತಿದ್ದಳು.

"ಟೀಚರ್, ನಮ್ಮ ಬಾವಿಯದ್ದನ್ನು ಸಂಜೆ ತಿರುಗಿ ತರ್ತೇನೆ ಅಂತ ಅಜ್ಜಿಯ ಹತ್ತಿರ ಹೇಳಿ ಬಂದದ್ದು ನಾನು."

ಮೊದಲ ದಿನ ಕಂಡ ಆ ಚೆಂಬು, ಆ ಎರಡು ಹಗ್ಗ ಏಕೆಂದು ನನಗೆ ತಿಳಿದದ್ದು ಆಗ. ಜೈನರ ಮನೆಯಲ್ಲಿ ಸೋಸುಬಟ್ಟೆಯಲ್ಲಿ ಉಳಿದ ಜೀವಗಳನ್ನು ಯಾವ ಬಾವಿಯಿಂದ ಬಂದವೋ ಅದೇ ಬಾವಿಗೆ, ಎತ್ತರದಿಂದ ಬಿದ್ದು ನೋವಾಗದ ಹಾಗೆ, ನೀರಿನ ಮಟ್ಟದಲ್ಲಿ ಬಿಡಬೇಕು. ನಾಲ್ಕು ತಿಂಗಳು ದಿನವೂ ಆ ಮನೆಯ ಮುಂದೆ ಹಾದು ಹೋಗಿದ್ದೆ. ಇದು ಏಕೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಮಕ್ಕಳಿಗೆ ಕೇಳಿರಿ ಕೇಳಿರಿ ಎನ್ನುವ ಟೀಚರು ನಾನು.

ಮರುದಿನ ಅನಂತಮತಿ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಮ್ಯಾನೇಜರರು ದಾರಿಯಲ್ಲಿ ಸಿಕ್ಕಿ, "ಅಮ್ಮ ಬೇಡ ಅಂತಾರೆ ಟೀಚರ್. ಅವಳು ಇನ್ನು ಮನೆಯಲ್ಲೇ ಇರ್ತಾಳೆ. ನಾಲ್ಕಕ್ಷರ ಕಲಿತಾಯಿತಲ್ಲ," ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು. ಸಿಟ್ಟು ಇಳಿಯುತ್ತದೆ. ಮನೆಯಲ್ಲಿ ಉಳಿದ ಹೆಣ್ಣುಮಗು ಮಾತ್ರ ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿಲ್ಲ, ನಮ್ಮ ಕಡೆಯಾಗಲಿ ಇಲ್ಲಿಯಾಗಲಿ. ಮೂವತ್ತು ಮಕ್ಕಳಲ್ಲಿ ಪ್ರಶ್ನೆ ಕೇಳಿದವಳು ಒಬ್ಬಳೇ, ಅವಳನ್ನು ನಾನೇ ಕಳೆದುಕೊಂಡಿದ್ದೆ.

ಅಂದು ಸಂಜೆ ಹೊತ್ತಿಳಿಯುವ ಮೊದಲೇ ಅವರ ಮನೆಗೆ ಹೋದೆ. ಆ ಮನೆಯಲ್ಲಿ ಸೂರ್ಯ ಮುಳುಗುವುದರೊಳಗೆ ಊಟ ಮುಗಿಯುತ್ತದೆ, ದೀಪ ಹಚ್ಚಿದ ಮೇಲೆ ಹೋದರೆ ಅವರು ನೀರನ್ನೂ ಮುಟ್ಟುವುದಿಲ್ಲ. ಅಜ್ಜಿ ಪದ್ಮಾವತಿಯಮ್ಮ ಜಗಲಿಯಲ್ಲಿದ್ದರು.

"ಕೂತ್ಕೊಳ್ಳಿ ಟೀಚರ್."

"ತಪ್ಪಾತ್ರೀ ಅಮ್ಮಾ," ಎಂದೆ, ನಿಂತೇ.

"ಮೀನಿನ ಮೇಲೆ ನನಗೆ ಬೇಜಾರಿಲ್ಲ. ಅದಕ್ಕೆ ಹಸಿವು, ತಿಂದಿತು. ಅದನ್ನು ತಂದು ಅಲ್ಲಿ ಬಿಟ್ಟದ್ದು ಯಾರು?"

"ನಾನೇ."

"ಮಕ್ಕಳು ನಗ್ತಾ ಇದ್ದರಂತೆ."

ನಕ್ಕಿದ್ದರು, ಜೊತೆಗೆ ನಾನೂ ನಕ್ಕಿದ್ದೆ.

"ನನ್ನ ಅತ್ತೆ ಮಾಡ್ತಾ ಇದ್ದರು, ನಾನು ಮಾಡ್ತೇನೆ. ಬಟ್ಟೆಯಲ್ಲಿ ಎಂತ ಉಂಟು ಅಂತ ನಾವು ಯಾರೂ ಕಂಡವರಲ್ಲ. ಉಂಟು ಅಂತ ನಂಬಿ ಬಿಡುವುದು. ನೀವು ಕಣ್ಣಾರೆ ಕಂಡಿರಿ ಮಾರಾಯ್ರೆ. ಕಂಡ ಮೇಲೆ ಹಾಗೆ ಮಾಡುವುದಾ?"

ನಾನು ನಾರುಹುಣ್ಣಿನ ಮಾತೆತ್ತಿದೆ. ನಮ್ಮ ಕಡೆ ಆ ಚುಕ್ಕೆಗಳು ಮಾಡುವ ಅನಾಹುತ ಹೇಳಿ, ಕಾಲಿನ ಗುರುತನ್ನೂ ತೋರಿಸಿದೆ. ಅವರು ಬಗ್ಗಿ ನೋಡಿದರು, ಬೆರಳಿನಿಂದ ಮುಟ್ಟಿಯೂ ನೋಡಿದರು. ಬಳಿಕ ಕೇಳಿದರು, "ಪಾಪ. ಆದರೆ ನಮ್ಮ ಬಾವಿಯದ್ದು ನಿಮಗೆ ಎಂತ ಮಾಡಿತ್ತು?"

ವಾದ ಮುಗಿಯಿತು. ಹೊರಡುವ ಮೊದಲು, ಏಕೆ ಹಾಗನ್ನಿಸಿತೋ ಕಾಣೆ, ಚೀಲದಿಂದ ಭೂತಗನ್ನಡಿ ತೆಗೆದು, "ನೀವು ಒಮ್ಮೆ ನೋಡ್ತೀರಾ?" ಎಂದೆ. ಪದ್ಮಾವತಿಯಮ್ಮ ಕನ್ನಡಿಯನ್ನು ನೋಡಿದರು, ನನ್ನನ್ನು ನೋಡಿದರು. ಸಂಜೆಯ ನೀರು ಸೋಸುವ ಹೊತ್ತೇ ಆಗಿತ್ತು. ಎದ್ದು ಹೋಗಿ ಸೋಸಿದರು, ಬಟ್ಟೆ ಮಗುಚಿ ಒಂದು ಬಿಳಿ ಬಟ್ಟಲಿಗೆ ಇಳಿಸಿ ಬಾವಿಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟರು. ಕನ್ನಡಿಯನ್ನು ಹೇಗೆ ಹಿಡಿಯುವುದೆಂದು ತೋರಿಸಿದ್ದು ಅನಂತಮತಿ. ಮುದುಕಿ ಬಹಳ ಹೊತ್ತು ಬಗ್ಗಿದಲ್ಲೇ ಇದ್ದರು.

"ಬಾಲದ ಹತ್ತಿರ ಎರಡು ಎಂತದು?"

"ಮೊಟ್ಟೆಯ ಚೀಲ ಅಜ್ಜಿ," ಎಂದಳು ಹುಡುಗಿ.

"ಹೌದಾ! ಬಸುರಿಯಾ?"

ಮತ್ತೆ ಬಗ್ಗಿದರು. ಐವತ್ತು ವರ್ಷ ದಿನಕ್ಕೆರಡು ಬಾರಿ ನೀರಿಗೆ ಮರಳಿಸಿದವುಗಳನ್ನು ಅವರು ಅಂದು ಮೊದಲ ಬಾರಿ ನೋಡುತ್ತಿದ್ದರು. ಸೊಂಟ ಹಿಡಿದುಕೊಂಡು ನೆಟ್ಟಗಾದಾಗ ಅವರ ಮುಖದಲ್ಲಿದ್ದದ್ದನ್ನು ನಾನು ನಾಲ್ಕನೆಯ ಕ್ಲಾಸಿನ ಮಕ್ಕಳಲ್ಲಿ ಕಂಡಿದ್ದೆ. ಚೆಂಬನ್ನು ಇಳಿಸಿ ಬಿಟ್ಟು ಬಂದ ಮೇಲೆ ಹೇಳಿದರು, "ನಾಳೆಯಿಂದ ಕಳಿಸ್ತೇನೆ. ಆದರೆ ಟೀಚರ್, ಕ್ಲಾಸಿಗೆ ಬಂದದ್ದು ಯಾವುದೂ ಸಾಯಬಾರದು. ಎಲ್ಲಿಂದ ತಂದದ್ದೋ ಅಲ್ಲಿಗೇ ಹೋಗಬೇಕು. ಇನ್ನೊಮ್ಮೆ ಹೀಗಾದರೆ ನನ್ನ ಹತ್ತಿರ ಬರಬೇಡಿ."

ಒಪ್ಪಿಕೊಂಡೆ. ಆ ಕಟ್ಟಳೆ ನಮ್ಮ ಕ್ಲಾಸಿನ ಕೈ ಕಟ್ಟುತ್ತದೆ ಎಂದುಕೊಂಡಿದ್ದೆ. ಆದದ್ದೇ ಬೇರೆ. ಮೊದಲಿಗೆ ಬಾಟಲಿಗಳಿಗೆ ಬಾವಿಯ ಹೆಸರಿನ ಚೀಟಿ ಅಂಟಿಸಬೇಕಾಯಿತು, ಇಲ್ಲದಿದ್ದರೆ ಯಾರದ್ದು ಎಲ್ಲಿಗೆಂದು ಗೊತ್ತಾಗುವುದು ಹೇಗೆ? ಬಾವಿಗೆ ಮೆಲ್ಲಗೆ ಇಳಿಸುವ ಸಲಕರಣೆ ಎಲ್ಲರ ಮನೆಯಲ್ಲಿ ಇರಲಿಲ್ಲ. ಮಕ್ಕಳು ತೆಂಗಿನ ಗೆರಟೆಗೆ ಎರಡು ಹಗ್ಗ ಕಟ್ಟಿ ಮಾಡಿದರು. ಲೋಕಯ್ಯನದು ಅರ್ಧ ದಾರಿಯಲ್ಲೇ ಮಗುಚಿ ಬೀಳುತ್ತಿತ್ತು. ಏಕೆಂದು ಮೂರು ದಿನ ಜಗಳವಾಡಿ, ಕೊನೆಗೆ ಆಮಿನಾ ಗೆರಟೆಯ ತಳಕ್ಕೆ ಒಂದು ಕಲ್ಲು ಕಟ್ಟಿ ಸರಿಮಾಡಿದಳು.

ಮೀನಿನ ಪ್ರಶ್ನೆ ಹಾಗೆಯೇ ಉಳಿದಿತ್ತು. ಒಂದು ಬೋಗುಣಿಯಲ್ಲಿ ತಿಂದಿತು ಸರಿ, ಬಾವಿಯಲ್ಲಿಯೂ ತಿನ್ನುತ್ತದೆ ಎಂದು ಹೇಗೆ ಹೇಳುವುದು? ದಾರಿ ತೋರಿಸಿದವಳು ಅನಂತಮತಿ. "ಮೀನನ್ನು ಇಲ್ಲಿಗೆ ತರುವುದು ಬೇಡ ಟೀಚರ್. ಮೀನು ಇರುವ ಬಾವಿ ಯಾವುದು, ಇಲ್ಲದ್ದು ಯಾವುದು ಅಂತ ನಾವೇ ಹೋಗಿ ನೋಡಿದರೆ ಆಗುವುದಿಲ್ಲವಾ?" ಧಾರವಾಡದ ನನ್ನ ಬಾಯಿಯವರು ಇದನ್ನು ಕೇಳಬೇಕಿತ್ತು ಎನ್ನಿಸಿತು. ನಾವು ಶನಿವಾರ ಶನಿವಾರ ಬಾವಿ ಬಾವಿ ಸುತ್ತಿದೆವು, ಹನ್ನೊಂದು ಬಾವಿ. ಮೀನಿದ್ದ ಬಾವಿಗಳಲ್ಲಿ ಚುಕ್ಕೆ ಕಡಿಮೆ. ಒಂದು ಬಾವಿಯಲ್ಲಿ ಮಾತ್ರ ಮೀನೂ ಇತ್ತು, ಚುಕ್ಕೆಯೂ ತುಂಬ ಇತ್ತು. ಮೀನಿಗೆ ಮುಪ್ಪಾಗಿದೆ ಎಂದ ಲೋಕಯ್ಯ. ಆ ಮನೆಯವರು ಅನ್ನ ಹಾಕುತ್ತಾರೆ, ಅದಕ್ಕೆ ಹಸಿವಿಲ್ಲ ಎಂದಳು ಆಮಿನಾ. ಇನ್ನೂ ತೀರ್ಮಾನವಾಗಿಲ್ಲ. ಯಾರೂ ಈಗ ಪಾಠದಲ್ಲಿ ಇಲ್ಲ ಎನ್ನುವುದಿಲ್ಲ. ಹೆಂಗಸರು ತಮ್ಮ ಬಾವಿಕಟ್ಟೆಯ ಮೇಲೆ ನನಗೆ ಬೆಲ್ಲ ನೀರು ಕೊಟ್ಟು, ತುಳುವಿನಲ್ಲಿ ಏನೋ ಕೇಳಿ, ನನ್ನ ತುಳು ಉತ್ತರಕ್ಕೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಂಟಿತನ ಯಾವಾಗ ಕಡಿಮೆಯಾಯಿತೋ ಗೊತ್ತೇ ಆಗಲಿಲ್ಲ.

ಬೇಸಿಗೆಯ ರಜೆಗೆ ಊರಿಗೆ ಹೋದೆ. ತಮ್ಮನ ಮಗಳು ಗಂಗವ್ವ, ಎಂಟು ವರ್ಷದವಳು, ಹೊರಸಿನ ಮೇಲೆ ಕಾಲು ಚಾಚಿಕೊಂಡು ಮಲಗಿದ್ದಳು. ಪಾದದ ಮೇಲೆ ಬಾವು, ಪಕ್ಕದಲ್ಲಿ ದಾರದಂಥದು ಸುತ್ತಿದ ಕಡ್ಡಿ. ನನ್ನನ್ನು ಕಂಡು, "ಅತ್ತೀ, ನಂಗೂ ಬಂತು ನೋಡು," ಎಂದು ನಗಲು ನೋಡಿದಳು.

ಅಂದೇ ಕೆರೆಗೆ ಹೋಗಿ ಒಂದು ಕೊಡ ನೀರು ತುಂಬಿ, ಅಲ್ಲೇ ಪಾವಟಿಗೆಯ ಮೇಲೆ ಹೊಸ ಬಟ್ಟೆಯಲ್ಲಿ ಸೋಸಿ, ಕನ್ನಡಿ ಹಿಡಿದು ನೋಡಿದೆ. ಅವೇ ಚುಕ್ಕೆಗಳು. ಅದೇ ಜಿಗಿತ, ಬಾಲದ ಬಳಿ ಅವೇ ಎರಡು ಚೀಲ. ಮೂಡಬಿದಿರೆಯದಕ್ಕೂ ಇದಕ್ಕೂ ನನ್ನ ಕಣ್ಣಿಗೆ ಒಂದಿಷ್ಟೂ ವ್ಯತ್ಯಾಸ ಕಾಣಲಿಲ್ಲ. ಬಟ್ಟೆಯನ್ನು ಹಿಡಿದುಕೊಂಡು ನಿಂತೇ ಇದ್ದೆ. ಕೈ ತಾನಾಗಿ ನೀರಿನ ಕಡೆಗೆ ಹೋಗುತ್ತಿತ್ತು.

"ಅಕ್ಕಾ, ಏನ್ ನೋಡಾಕತ್ತೀ? ಚೆಲ್ಲಿ ಬಾರಬೇ!" ಎಂದಳು ಜೊತೆಗೆ ಬಂದ ನನ್ನ ತಮ್ಮನ ಹೆಂಡತಿ, ಗಂಗವ್ವನ ತಾಯಿ. ಅವಳ ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ಬಟ್ಟೆಯನ್ನು ಕಾದ ಕಲ್ಲಿನ ಮೇಲೆ ಝಾಡಿಸಿದೆ. ನೋಡನೋಡುತ್ತಿದ್ದಂತೆ ಕಲ್ಲು ಒಣಗಿತು. ನಾನು ಯಾರೋ ನೋಡುತ್ತಿದ್ದಾರೇನೋ ಎಂಬಂತೆ ಹಿಂದೆ ಮುಂದೆ ತಿರುಗಿ ನೋಡಿದೆ. ಮನೆಗೆ ಬಂದು ಅವಳು ಎಲ್ಲರ ಮುಂದೆ ಅದನ್ನು ಹೇಳಿ ನಕ್ಕಳು, ಅಕ್ಕ ಘಟ್ಟದ ಕೆಳಗಿನ ಯಾವುದೋ ದೇವರನ್ನು ಹೊತ್ತುಕೊಂಡು ಬಂದಾಳ ಎಂದು. ರಜೆ ಮುಗಿಯುವವರೆಗೆ ದಿನವೂ ಸೋಸಿದೆ, ದಿನವೂ ಝಾಡಿಸಿದೆ.

ಜೂನ್‌ನಲ್ಲಿ ಶಾಲೆ ತೆರೆದ ದಿನ, ಹಾಜರಿ ಕರೆದು ಮುಗಿಸುವ ಮೊದಲೇ ಅನಂತಮತಿ ಎದ್ದು ನಿಂತಳು. "ಟೀಚರ್, ನಿಮ್ಮ ಊರಿನ ನೀರು ನೋಡಿದಿರಾ?" ನೋಡಿದೆ ಎಂದೆ. "ಉಂಟಾ?" ಉಂಟು ಎಂದೆ. "ಮತ್ತೆ ಕೆರೆಗೆ ಬಿಟ್ಟಿರಾ?"

ಹೂಂ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು, ಇನ್ನೂರು ಮೈಲಿ ಆಚೆಯ ಕೆರೆಯನ್ನು ಯಾರು ಹೋಗಿ ನೋಡುತ್ತಾರೆ? ಇಲ್ಲ ಎಂದರೆ ಈ ಹುಡುಗಿ ನಾಳೆಯಿಂದ ಮನೆಯಲ್ಲಿ. ಅವಳು ನನ್ನನ್ನೇ ನೋಡುತ್ತಿದ್ದಳು. ಕಂಡದ್ದನ್ನೇ ಬರೆಯಿರಿ, ಮಾಡಿದ್ದನ್ನೇ ಬರೆಯಿರಿ ಎಂದು ವರ್ಷವಿಡೀ ಹೇಳಿದ ಬಾಯಿ ಇದು. "ಇಲ್ಲ ಅನಂತಾ. ಬಿಸಿಲಿಗೆ ಚೆಲ್ಲಿದೆ," ಎಂದು, ಗಂಗವ್ವನ ಕಾಲಿನ ಸಂಗತಿಯನ್ನೂ ಹೇಳಿದೆ.

ಸಂಜೆ ಅಜ್ಜಿ ಕರೆದಿದ್ದಾರೆಂದು ಹೇಳಿಕಳಿಸಿದರು. ಹೋದೆ.

"ಹುಡುಗಿ ಹೇಳಿದಳು," ಎಂದರು ಪದ್ಮಾವತಿಯಮ್ಮ. ಸೆರಗಿನ ಅಂಚನ್ನು ಉಜ್ಜಿದರು. ಆಮೇಲೆ, "ಆ ಮಗು ಈಗ ನಡೀತದಾ?"

"ಯಾರು?"

"ನಿಮ್ಮ ತಮ್ಮನ ಮಗಳು. ಗಂಗವ್ವ ಅಂತ ಅಲ್ವಾ?"

ನನಗೆ ಅಳು ತಡೆಯಲಾಗಲಿಲ್ಲ. ಈ ಊರಿಗೆ ಬಂದಂದಿನಿಂದ ನಮ್ಮೂರಿನವರೊಬ್ಬರನ್ನು ಹೆಸರು ಹಿಡಿದು ಯಾರೂ ಕೇಳಿರಲಿಲ್ಲ. ಇನ್ನೂ ಕುಂಟುತ್ತಾಳೆ ಎಂದೆ. ಅವರು ಒಳಗೆ ಹೋಗಿ, ತೊಳೆದು ಒಣಗಿಸಿ ಅಂಚು ಹೊಲಿದ ಒಂದು ದಪ್ಪ ಬಿಳಿ ಬಟ್ಟೆಯನ್ನು ತಂದು ನನ್ನ ಮಡಿಲಲ್ಲಿ ಇಟ್ಟರು.

"ಅಂಚೆಯಲ್ಲಿ ಕಳಿಸಿ. ಎರಡು ಮಡಿಕೆ ಮಾಡಿ ಸೋಸಲಿಕ್ಕೆ ಹೇಳಿ. ಒಂದು ದಿನವೂ ತಪ್ಪಿಸುವುದು ಬೇಡ."

"ಅಮ್ಮಾ, ಅಲ್ಲಿ ಅವರು ಅದನ್ನು ಸೋಸಿದ ಮೇಲೆ..."

ಅವರು ಕೈ ಎತ್ತಿ ತಡೆದರು. "ಅಲ್ಲಿ ಎಂತ ಮಾಡ್ತಾರೆ ಅಂತ ನನ್ನ ಹತ್ತಿರ ಹೇಳಬೇಡಿ. ಕಾಲಿನ ವಿಷಯ ಮಾತ್ರ ಹೇಳಿ."

"ಅನಂತಮತಿ?"

"ಶಾಲೆಗೆ ಹೋಗದೆ ಮತ್ತೆಂತ ಮಾಡ್ತಾಳೆ ಅವಳು?"

ಈಗ ತಿಂಗಳಿಗೊಮ್ಮೆ ತಮ್ಮನ ಕಾಗದ ಬರುತ್ತದೆ. ಬಂದದ್ದು ತಿಳಿದರೆ ಸಾಕು, ಪದ್ಮಾವತಿಯಮ್ಮ ಮೊಮ್ಮಗಳನ್ನು ಓಡಿಸಿ ನನ್ನನ್ನು ಕರೆಸುತ್ತಾರೆ, ಓದಿ ಹೇಳಿ ಎನ್ನುತ್ತಾರೆ. ಗಂಗವ್ವ ಈಗ ಓಡುತ್ತಾಳೆ, ಕುಂಟು ಹೋಗಿದೆ, ಅದನ್ನು ಎರಡು ಬಾರಿ ಓದಿಸಿಕೊಳ್ಳುತ್ತಾರೆ. ಅದರ ಕೆಳಗಿನ ಸಾಲಿನಲ್ಲಿ ತಮ್ಮ ಹೆಮ್ಮೆಯಿಂದ ಬರೆದಿರುತ್ತಾನೆ, ಅಮ್ಮಾರ ಬಟ್ಟೀಲೆ ದಿನಾ ಸೋಸತೇವಿ, ಬಿಸಿಲಿಗೆ ಝಾಡಿಸಿ ಒಂದು ಹುಳಾನೂ ಉಳಿಸೂದಿಲ್ಲ ಎಂದು. ನಮ್ಮ ಕಡೆಯವರು ಇದನ್ನು ಓದಿದರೆ, ನಮ್ಮವರ ಆ ಮಾತನ್ನು ಏಕೆ ಮುಚ್ಚಿಟ್ಟೆ ಎಂದು ನನ್ನ ಮೇಲೆ ಸಿಟ್ಟಾಗಬಹುದು. ಆಗಲಿ. ಆ ಸಾಲು ಬಂದಾಗ ನನ್ನ ದನಿ ನಿಲ್ಲುತ್ತದೆ. ಅದು ಎಲ್ಲಿ ನಿಲ್ಲುತ್ತದೆಂದು ಆ ಮುದುಕಿಗೂ ಗೊತ್ತು. ನಾನು ಅದನ್ನು ಕಣ್ಣಿನಲ್ಲೇ ಓದಿ, ದಾಟಿ, ಊರಿನ ಬೆಳೆಯ ಸುದ್ದಿಗೆ ಬರುವವರೆಗೆ ಅವರು ಅಂಗಳದ ಕಡೆ ಮುಖ ಮಾಡಿಕೊಂಡು ಸುಮ್ಮನೆ ಕಾಯುತ್ತಾರೆ.